ಲಾರಿಗೆ ಡಿಸ್ಕ್ ಬ್ರೇಕ್ ಬಂದ ದಾರಿ

ಶಿರಾಡಿ ಘಾಟಿ ಇಳಿಯುವ ಲೋಡ್ ಲಾರಿಯ ಹಿಂದೆ ಹೋದವರಿಗೆ ಆ ಸುಟ್ಟ ವಾಸನೆ ಗೊತ್ತು. ಡ್ರಮ್ಮಿನೊಳಗೆ ಲೈನರ್ ಕಾದ ವಾಸನೆ ಅದು. ಕಾದ ಡ್ರಮ್ ಹಿಗ್ಗುತ್ತದೆ, ಹಿಗ್ಗಿದಷ್ಟೂ ಒಳಗಿನ ಲೈನರಿನಿಂದ ದೂರ ಸರಿಯುತ್ತದೆ. ಪೆಡಲ್ ಒತ್ತಿದರೂ ಹಿಡಿತ ಸಾಲದು. ಡಿಸ್ಕ್ ಹಾಗಲ್ಲ. ಕಾದರೆ ದಪ್ಪಗಾಗಿ ಎರಡೂ ಬದಿಯ ಪ್ಯಾಡ್‌ಗಳ ಕಡೆಗೇ ಬರುತ್ತದೆ. ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ.

ಹಾಗಿದ್ದರೆ ಡಿಸ್ಕ್ ಲಾರಿಗೆ ಬರಲು ಇಷ್ಟು ತಡವೇಕಾಯಿತು?

1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಪ್ಯಾಡ್ ತಾಮ್ರದ್ದು. ಲೋಹಕ್ಕೆ ಲೋಹ ಉಜ್ಜಿ ಕಿವಿಗಡಚಿಕ್ಕುವ ಕಿರುಚಾಟ! ಅದೇ ವರ್ಷ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕ್ ತಂದರು. ಬಹುಕಾಲ ಅದೇ ಗೆದ್ದಿತು. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಲೆ ಮಾನ್ 24 ಗಂಟೆಯ ರೇಸ್ ಗೆದ್ದಿತು, ಕಾರುಗಳು ಇತ್ತ ತಿರುಗಿದವು. ಲಾರಿಯದು ಬೇರೆ ಕಷ್ಟ. ಹತ್ತಾರು ಟನ್ ನಿಲ್ಲಿಸಬೇಕು, ಆ ಬಲವೆಲ್ಲ ಏರ್ ಬ್ರೇಕಿನ ಗಾಳಿಯಿಂದಲೇ ಬರಬೇಕು, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮಾತ್ರ ರಿಮ್ಮಿನೊಳಗೇ ಕೂರಬೇಕು. 1996ರಲ್ಲಿ ಮರ್ಸಿಡಿಸ್ ಆಕ್ಟ್ರೋಸ್ ಲಾರಿ ಎಲ್ಲ ಚಕ್ರಗಳಿಗೂ ಡಿಸ್ಕ್ ಹಾಕಿಕೊಂಡು, ಎಲೆಕ್ಟ್ರಾನಿಕ್ ನಿಯಂತ್ರಣದ ಜತೆ ಬಂತು. ಅಮೆರಿಕದಲ್ಲಿ 2009ರ ನಿಯಮ ಹೆಚ್ಚಿನ ಟ್ರ್ಯಾಕ್ಟರ್-ಟ್ರೇಲರ್‌ಗಳಿಗೆ ಹೇಳಿದ್ದು ಇಷ್ಟು: ಗಂಟೆಗೆ 60 ಮೈಲಿ ವೇಗದಿಂದ 355 ಅಡಿಯ ಬದಲು 250 ಅಡಿಯೊಳಗೆ ನಿಲ್ಲಬೇಕು. ದೊಡ್ಡ ಡ್ರಮ್ ಹಾಕಿಯೂ ಈ ಲೆಕ್ಕ ಮುಟ್ಟಬಹುದಿತ್ತು, ಆದರೂ ಡಿಸ್ಕಿಗೆ ಬಾಗಿಲು ತೆರೆದದ್ದು ಇದೇ.

ಲ್ಯಾಂಚೆಸ್ಟರರ ಬ್ರೇಕ್ ಕಿರುಚಿ ಸೋತಿತು. ಇಂದಿನದ್ದರ ಅಪಾಯ ಅದರ ಮೌನ. ಕ್ಯಾಲಿಪರ್ ಎರಡು ಗೈಡ್ ಪಿನ್‌ಗಳ ಮೇಲೆ ಜಾರುತ್ತಿರಬೇಕು. ಪಿನ್ನಿನ ರಬ್ಬರ್ ಬೂಟ್ ಹರಿದರೆ ನೀರು ಹೊಕ್ಕು, ತುಕ್ಕು ಹಿಡಿದು, ಪಿನ್ ಜಾಮ್ ಆಗುತ್ತದೆ. ಆಗ ಒಂದು ಪ್ಯಾಡ್ ತೆಳ್ಳಗೆ ಸವೆದಿರುತ್ತದೆ, ಇನ್ನೊಂದು ದಪ್ಪಗೇ ಉಳಿದಿರುತ್ತದೆ. ಚಾಲಕರಿಗೆ ಸುಳಿವೇ ಸಿಗದು.

ಆದ್ದರಿಂದ ದಯವಿಟ್ಟು ಕೈಯಿಟ್ಟು ನೋಡಿ. ಬ್ರೇಕ್ ತಣ್ಣಗಿರಲಿ. ಚಕ್ರಗಳಿಗೆ ಕಲ್ಲು ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಟ್ಟು, ಕ್ಯಾಲಿಪರನ್ನು ಒಳಕ್ಕೂ ಹೊರಕ್ಕೂ ತಳ್ಳಿ. ಕೂದಲೆಳೆಯಷ್ಟಲ್ಲ, ಕಣ್ಣಿಗೆ ಕಾಣುವಷ್ಟು ಸರಿಯಬೇಕು. ಸರಿಯದಿದ್ದರೆ ಪ್ಯಾಡ್ ಹೊಸದಾಗಿದ್ದರೂ ಪ್ರಯೋಜನವಿಲ್ಲ, ಪಿನ್ ಬಿಚ್ಚಲೇಬೇಕು. ಪ್ಯಾಡಿನ ಉಜ್ಜುವ ಪದರ 2 ಮಿಲಿಮೀಟರಿಗೆ ಇಳಿಯುವ ಮೊದಲೇ ಬದಲಿಸಿ. ಒಂದೇ ಚಕ್ರಕ್ಕಲ್ಲ, ಆ ಆಕ್ಸಲ್ಲಿನ ಎರಡೂ ಚಕ್ರಗಳಿಗೆ. ಡಿಸ್ಕಿನ ಮೇಲಿನ ಬಿರುಕು ಅಂಚು ಮುಟ್ಟಿದ್ದರೆ ಡಿಸ್ಕನ್ನೇ ತೆಗೆದುಹಾಕಿ. ಕೊನೆಗೆ ಟಾರ್ಚ್ ಹಿಡಿದು ಆ ಬೆರಳಗಲದ ರಬ್ಬರ್ ಬೂಟನ್ನು ಸುತ್ತಲೂ ನೋಡಿ. ಮಡಿಕೆಯಲ್ಲೊಂದು ಸೀಳು, ಪಕ್ಕದಲ್ಲಿ ಕೆಂಪು ತುಕ್ಕಿನ ಗೆರೆ ಕಂಡರೆ ಲಾರಿಯನ್ನು ಅಂದೇ ನಿಲ್ಲಿಸಿ.