ಹತ್ತು ಮೀಟರಿನ ಗುರಿ

ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಅಟ್ಟದ ಮೇಲೆ ನಿಂತು ಕವಣೆ ಬೀಸಿದ ಟಿಕೋಟಾ, ಬಬಲೇಶ್ವರದ ಹಿರಿಯರಿಗೆ ಗುರಿ ಅಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅವರ ಮೊಮ್ಮಗಳು ‘ಅಜ್ಜಾ, ನಾ ಶೂಟಿಂಗ್ ಕಲೀತೀನಿ’ ಅಂದರೆ ಮನೆಯವರು ಒಂದು ಕ್ಷಣ ಬೆಚ್ಚುತ್ತಾರೆ. ವಿಜಯಪುರದಂಥ ಊರಿಗೆ ಒಳಾಂಗಣ ಶೂಟಿಂಗ್ ರೇಂಜಿನಿಂದ ಒಳಿತೇನು, ಕೆಡುಕೇನು? ಇವತ್ತಿನ ಮಾತು ಅದೇ.

ಮೊದಲು ಆಟ ತಿಳಿಯೋಣ. ಏರ್ ರೈಫಲ್‌ನಲ್ಲಿ ಗುರಿ ಇರುವುದು 10 ಮೀಟರ್ ದೂರದಲ್ಲಿ. ಗುಂಡಿನ ದಪ್ಪ 4.5 ಮಿಲಿಮೀಟರ್. ಗುರಿಯ ನಟ್ಟನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. ಅರ್ಹತಾ ಸುತ್ತಿನಲ್ಲಿ 75 ನಿಮಿಷದೊಳಗೆ 60 ಗುಂಡು ಹೊಡೆಯಬೇಕು. ಇಲ್ಲಿ ಗೆಲ್ಲುವುದು ತೋಳ್ಬಲವಲ್ಲ, ಉಸಿರಿನ ಹಿಡಿತ.

ಒಳಿತು ಇಲ್ಲೇ ಶುರು. ದೊಡ್ಡ ಮೈದಾನ ಬೇಡ, ನಮ್ಮ ಮೇ ತಿಂಗಳ ಬಿಸಿಲಿನ ಕಾಟವಿಲ್ಲ. ಎತ್ತರದವರು, ಗಿಡ್ಡರು, ಹುಡುಗಿಯರು, ಹುಡುಗರು ಒಂದೇ ಗೆರೆಯಲ್ಲಿ ನಿಲ್ಲಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯವರು. ನಮ್ಮ ಬೆಂಗಳೂರಿನ ಶೂಟರ್ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋಗಿಬಂದರು. ಸೈಕಲ್ ಸವಾರರನ್ನು ಬೆಳೆಸಿದ ವಿಜಯಪುರದ ನೆಲಕ್ಕೆ ಈ ಆಟವೂ ಒಗ್ಗೀತು.

ಇನ್ನು ಕೆಡುಕು. ಬಹುತೇಕ ಗುಂಡುಗಳು ಸೀಸದವು. ಗುರಿಯ ಹಿಂದಿನ ತಡೆಗೆ ಬಡಿದಾಗ ಸೀಸದ ಪುಡಿ ಉದುರುತ್ತದೆ, ಗುಂಡು ತುಂಬುವ ಬೆರಳಿಗೂ ಅಂಟುತ್ತದೆ. ಮದ್ದಿನ ಗುಂಡು ಹಾರಿಸುವ .22 ರೈಫಲ್ ಆದರೆ ಹೊಗೆಯಲ್ಲೂ ಸೀಸ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ವಿಷ. ಇಷ್ಟಾದರೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಗಾಳಿ ಶೂಟರ್‌ನ ಬೆನ್ನಿನಿಂದ ಗುರಿಯ ಕಡೆಗೆ ಹರಿದು, ಸೋಸಿಕೊಂಡು ಹೊರಹೋಗಬೇಕು. ನೆಲವನ್ನು ಒಣ ಕಸಬರಿಗೆಯಿಂದ ಗುಡಿಸಬಾರದು, ಒದ್ದೆ ಮಾಡಿ ಒರೆಸಬೇಕು.

ಸದ್ದಿನ ಮಾತೂ ಇದೆ. ನಮ್ಮೂರ ಕೋಟೆಯ ಮಲಿಕ್-ಎ-ಮೈದಾನ್ ತೋಪಿಗೆ ಬತ್ತಿ ಇಟ್ಟವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನಂತೆ. ಅದು ಬಯಲು. ಮುಚ್ಚಿದ ಕೋಣೆಯಲ್ಲಿ ಸದ್ದು ಹೇಗೆ ತಿರುತಿರುಗಿ ಬರುತ್ತದೆಂದು ಗೋಳಗುಮ್ಮಟ ನೋಡಿದವರಿಗೆ ಗೊತ್ತು. ಏರ್ ರೈಫಲ್ ಸದ್ದು ಕಡಿಮೆ; .22ಕ್ಕೆ ಕಿವಿಗೆ ರಕ್ಷಣೆ ಬೇಕೇ ಬೇಕು, ಗೋಡೆಯೂ ಸದ್ದು ಹೀರಬೇಕು.

ಖರ್ಚೂ ಸಣ್ಣದಲ್ಲ. ಸ್ಪರ್ಧೆಯ ರೈಫಲ್ ಒಂದಕ್ಕೆ ಲಕ್ಷ ರೂಪಾಯಿ ದಾಟುತ್ತದೆ. ಒಂದೇ ಬಂದೂಕನ್ನು ಸರದಿಯಲ್ಲಿ ಹಲವರಿಗೆ ಕೊಡುವ ಏರ್ಪಾಡಿಲ್ಲದಿದ್ದರೆ ಹಳ್ಳಿ ಮಕ್ಕಳು ಬಾಗಿಲಲ್ಲೇ ಉಳಿದಾರು.

ನನ್ನ ಮನಸ್ಸು ರೇಂಜ್ ಬೇಕು ಎನ್ನುತ್ತದೆ. ಆದರೆ ಬಂದೂಕಿಗೆ ಮೊದಲು ಗಾಳಿಗೆ, ಗೋಡೆಗೆ, ಒಳ್ಳೆಯ ತರಬೇತುದಾರರಿಗೆ ಹಣ ಹೋಗಲಿ. ಮಗುವನ್ನು ಸೇರಿಸಲು ಹೋದಾಗ ‘ಗಾಳಿ ಎತ್ತಿಂದ ಎತ್ತ ಹೋಗುತ್ತದೆ? ಬಂದೂಕಿನ ಕೀಲಿ ಯಾರ ಹತ್ತಿರ?’ ಎಂದು ಸಂಕೋಚವಿಲ್ಲದೆ ಕೇಳಿ. ರೇಂಜಿನಿಂದ ಬಂದ ಮಗಳು ರೊಟ್ಟಿ ಮುಟ್ಟುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಲಿ, ಬಟ್ಟೆ ಬದಲಿಸಲಿ. ಆಮೇಲೆ ಅಜ್ಜನ ಪಕ್ಕ ಕೂತು ಇವತ್ತಿನ ಅರವತ್ತು ಗುಂಡಿನ ಲೆಕ್ಕ ಒಪ್ಪಿಸಲಿ.