ವಜ್ರವೂ ಮನೆತನದ ಗುಟ್ಟೂ



ಪತ್ತೇದಾರಿ ಕಾದಂಬರಿಯು ರೈಲು ಪ್ರಯಾಣದ ಬೇಸರ ಕಳೆಯುವುದಕ್ಕಷ್ಟೇ ತಕ್ಕುದೆಂದು ಎಣಿಸುವವರುಂಟು. ಕಳ್ಳನಾರೆಂದು ತಿಳಿದೊಡನೆ ಅದನ್ನು ಮುಚ್ಚಿಡಬಹುದು, ಮತ್ತೆ ತೆರೆಯಬೇಕಾದುದಿಲ್ಲ ಎಂಬುದು ಅವರ ವಾದ. ವಿಲ್ಕಿ ಕಾಲಿನ್ಸನ ‘ಮೂನ್‌ಸ್ಟೋನ್’ ಕಾದಂಬರಿಗೆ ಈ ಮಾತು ಸಲ್ಲದು. ಅದು 1868ರಲ್ಲಿ ಡಿಕನ್ಸನ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಕಥೆಯು ಬೆಳೆಯುವುದು ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ದೊಡ್ಡ ಮನೆಯಲ್ಲಿ. ಅದರ ಬೇರು ಇರುವುದು ನಮ್ಮ ಶ್ರೀರಂಗಪಟ್ಟಣದಲ್ಲಿ.

1799ರ ಮೇ 4ರಂದು ಕೋಟೆ ಬಿದ್ದಿತು. ಇದು ಇತಿಹಾಸ. ಅಂದಿನ ಸುಲಿಗೆಯಲ್ಲಿ ಹರ್ನ್‌ಕಾಸಲ್ ಎಂಬ ಅಧಿಕಾರಿಯು ದೇವರ ವಜ್ರವೊಂದನ್ನು ಅಪಹರಿಸಿದನೆಂಬುದು ಕಾಲಿನ್ಸನ ಕಲ್ಪನೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದು ನಿಂತಿದ್ದ ಅವನನ್ನು ದಾಯಾದಿಯೊಬ್ಬನು ಕಂಡನು. ಕೊಲ್ಲುವುದನ್ನು ಕಣ್ಣಾರೆ ಕಂಡಿರಲಿಲ್ಲವಾಗಿ ಬಹಿರಂಗವಾಗಿ ದೂರಲಿಲ್ಲ. ಬಂಧುಗಳಿಗೆ ಮಾತ್ರ ಪತ್ರವೊಂದನ್ನು ಬರೆದನು. ಘೋರಕೃತ್ಯವೊಂದು ಹೀಗೆ ಮನೆತನದ ಗುಟ್ಟಾಯಿತು.

ಸುಮಾರು ಅರ್ಧ ಶತಮಾನ ಕಳೆದು, 1848ರಲ್ಲಿ, ಆ ವಜ್ರವು ಹರ್ನ್‌ಕಾಸಲ್ಲನ ಸೋದರಸೊಸೆಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಆ ರಾತ್ರಿಯೇ ಮಾಯವಾಗುತ್ತದೆ. ಗುಲಾಬಿಗಳ ಹುಚ್ಚಿರುವ ಸಾರ್ಜೆಂಟ್ ಕಫ್ ತನಿಖೆಗೆ ಬಂದು, ಬಾಗಿಲಿನ ಹಸಿಬಣ್ಣ ಒಂದೆಡೆ ಕದಡಿರುವುದನ್ನು ಗಮನಿಸುತ್ತಾನೆ. ಬಣ್ಣ ಹತ್ತಿದ ಉಡುಪು ಯಾರದು? ಕಥೆಯನ್ನು ಮುದಿ ಮೇಲ್ವಿಚಾರಕ, ಮನೆಮನೆಗೂ ಧರ್ಮೋಪದೇಶದ ಕರಪತ್ರ ಹಂಚುವ ಹೆಂಗಸು, ವಕೀಲ, ಹೀಗೆ ಹಲವರು ನ್ಯಾಯಸ್ಥಾನದ ಸಾಕ್ಷಿಗಳಂತೆ, ತಾವು ಕಂಡಷ್ಟನ್ನೇ ಹೇಳುತ್ತಾರೆ. ಹೇಳುವಾಗ ತಮ್ಮ ಸ್ವಭಾವವನ್ನೂ ಬಯಲು ಮಾಡಿಕೊಳ್ಳುತ್ತಾರೆ. ಓದುವ ಸುಖದ ಅರ್ಧ ಭಾಗ ಅಲ್ಲಿದೆ.

ಮಿಕ್ಕ ಅರ್ಧ ಇನ್ನೂ ಗಂಭೀರವಾದುದು. ವಜ್ರ ಮನೆಯಿಂದ ಹೋದುದು ಹೇಗೆಂದು ಎಲ್ಲರೂ ಹುಡುಕುತ್ತಾರೆ. ಅದು ಮನೆಗೆ ಬಂದುದು ಹೇಗೆಂದು ಯಾವ ಪೋಲೀಸಿನವನೂ ವಿಚಾರಣೆ ನಡೆಸುವುದಿಲ್ಲ. ಅದನ್ನು ದೇವರಿಗೆ ಮರಳಿ ಒಪ್ಪಿಸಲು ಬಂದ ಮೂವರು ಹಿಂದೂಗಳನ್ನೇ ಮೊದಲು ಹಿಡಿದು ಸೆರೆಯಲ್ಲಿಡುತ್ತಾರೆ! ಎರಡನೆಯ ಕಳವಿಗೆ ಪತ್ತೇದಾರನುಂಟು. ಮೊದಲನೆಯದಕ್ಕೆ ಓದುಗನೇ ಪತ್ತೇದಾರ.

ಆ ವಜ್ರ ಕಲ್ಪಿತವಾದರೂ ಆ ಸುಲಿಗೆ ಕಲ್ಪಿತವಲ್ಲ. ಅಂದು ವಶವಾದ ಟೀಪುವಿನ ಮರದ ಹುಲಿಯು ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಶ್ರೀರಂಗಪಟ್ಟಣದ ಕೋಟೆಯನ್ನು ಕಂಡವರು ಈ ಕಾದಂಬರಿಯ ಪೀಠಿಕೆಯನ್ನು ಕೇವಲ ಕಥೆಯೆಂದು ಓದಲಾರರು.

ಯಾರ್ಕ್‌ಷೈರಿನ ಕಳ್ಳನಾರೆಂದು ನಾನು ಹೇಳಿ, ನಿಮ್ಮ ಕುತೂಹಲವನ್ನು ಕೆಡಿಸುವುದಿಲ್ಲ. ಮೊದಲ ಕಳ್ಳನ ಹೆಸರನ್ನು ಮಾತ್ರ ಕಾಲಿನ್ಸನು ಪೀಠಿಕೆಯಲ್ಲಿಯೇ ಹೇಳಿಬಿಟ್ಟಿದ್ದಾನೆ. ಅದನ್ನು ಕೊನೆಯ ಪುಟದವರೆಗೆ ಮರೆಯದಿರುವುದು ಓದುವವರ ಹೊಣೆ.