ತಂತಿಯ ನಾಡಿ ಹಿಡಿಯುವ ಉಪಕರಣ

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗ ಗಾಳಿಯ ಒತ್ತಡವನ್ನು ಅಳೆಯುವ ಪುಟ್ಟ ಯಂತ್ರವೊಂದನ್ನು ಕಟ್ಟಲು ಹೊರಟ. ಬಿಎಂಪಿ280 ಎಂಬ ಸೆನ್ಸರನ್ನು ಕೊಂಡು, ಐ-ಸ್ಕ್ವೇರ್ಡ್-ಸಿ ಪದ್ಧತಿಯಂತೆ ಎರಡು ಸಂಕೇತದ ತಂತಿಗಳಿಂದ ಮೈಕ್ರೊಕಂಟ್ರೋಲರಿಗೆ ಜೋಡಿಸಿದ. ಅದು ಉತ್ತರ ಕೊಡಲಿಲ್ಲ. ಕೆಟ್ಟಿರಬೇಕೆಂದು ಇನ್ನೊಂದನ್ನು ತಂದ, ಅದೂ ಮೂಕ. ಮೂರನೆಯದೂ ಸುಮ್ಮನಿದ್ದಾಗ, "ಇದು ನನ್ನ ಕೈಲಾಗುವ ವಿದ್ಯೆಯಲ್ಲ, ಮಾವ" ಎಂದು ಎಲ್ಲವನ್ನೂ ಡಬ್ಬಿಗೆ ತುಂಬಿಬಿಟ್ಟ.

ನಾಡಿ ನೋಡದೆ ಮದ್ದು ಬದಲಾಯಿಸಿದಂತಾಯಿತು ಇದು. ಅವನಿಗೆ ಬೇಕಾಗಿದ್ದುದು ನಾಲ್ಕನೆಯ ಸೆನ್ಸರಲ್ಲ, ಲಾಜಿಕ್ ಅನಲೈಸರ್. ತಂತಿಯಲ್ಲಿ ಒಂದು ಇದೆಯೋ ಸೊನ್ನೆ ಇದೆಯೋ ಎಂಬುದನ್ನು ಕ್ಷಣಕ್ಷಣಕ್ಕೂ ಬರೆದುಕೊಂಡು, ಕಂಪ್ಯೂಟರಿನ ಪರದೆಯ ಮೇಲೆ ತೋರಿಸುವುದೇ ಇದರ ಕೆಲಸ.

ಎಂಟು ತಂತಿಗಳನ್ನು ಒಟ್ಟಿಗೆ ನೋಡಬಲ್ಲ, ಬೆಂಕಿಪೆಟ್ಟಿಗೆಯಷ್ಟೇ ದೊಡ್ಡದಾದ ಉಪಕರಣ ಇಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಅದು ಸೆಕೆಂಡಿಗೆ 2 ಕೋಟಿ 40 ಲಕ್ಷ ಸಲ ತಂತಿಯನ್ನು ನೋಡಬಲ್ಲದು. ಇಷ್ಟು ಸಾಕೇ? ನಿಮಿಷಕ್ಕೊಮ್ಮೆ ಕಿಟಕಿಯಿಂದ ಇಣುಕುವವನಿಗೆ ನಡುವೆ ಹಾದುಹೋದ ಸೈಕಲ್ ಕಾಣದು. ಹಾಗೆಯೇ, ಸಂಕೇತದ ವೇಗಕ್ಕಿಂತ ನಾಲ್ಕು ಪಟ್ಟಾದರೂ ಬೇಗ ನೋಡಬೇಕೆಂಬುದು ಅನುಭವಸ್ಥರ ಲೆಕ್ಕ. ಐ-ಸ್ಕ್ವೇರ್ಡ್-ಸಿ ಸಾಮಾನ್ಯವಾಗಿ ಓಡುವುದು ಸೆಕೆಂಡಿಗೆ 1 ಲಕ್ಷ ಅಥವಾ 4 ಲಕ್ಷ ಮಿಡಿತಗಳಲ್ಲಿ. ಅದಕ್ಕೆ ಈ ಉಪಕರಣ ಧಾರಾಳವಾಯಿತು. ಸೆಕೆಂಡಿಗೆ ಕೋಟಿ ಮಿಡಿತಗಳಲ್ಲಿ ಓಡುವ ಎಸ್‌ಪಿಐ ತಂತಿಗಳಿಗೆ ಮಾತ್ರ ಹೆಚ್ಚು ಬೆಲೆಯದು ಬೇಕಾದೀತು.

ಕೊಳ್ಳುವಾಗ ವೇಗವೊಂದನ್ನೇ ನೋಡಬಾರದು. ಮಿಡಿತಗಳನ್ನು ಅಕ್ಷರ, ಅಂಕಿಗಳಾಗಿ ಓದಿಹೇಳುವ ತಂತ್ರಾಂಶ ಜೊತೆಗಿರಬೇಕು. ಸಿಗ್‌ರಾಕ್ ಬಳಗದ ಪಲ್ಸ್‌ವ್ಯೂ ಉಚಿತವಾಗಿ ಸಿಗುತ್ತದೆ. ಕೊಳ್ಳುವ ಉಪಕರಣ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಿ. ಎರಡನೆಯದು ವೋಲ್ಟೇಜು. ಅಗ್ಗದವು 3.3 ಮತ್ತು 5 ವೋಲ್ಟಿನ ಸಂಕೇತಗಳಿಗೆ ತಕ್ಕವು, 1.8 ವೋಲ್ಟನ್ನು ಸರಿಯಾಗಿ ಗುರುತಿಸಲಾರವು, 12 ವೋಲ್ಟು ತಗುಲಿದರೆ ಸುಟ್ಟುಹೋಗಬಹುದು. ಇದರ ಗ್ರೌಂಡ್ ತಂತಿಯು ಕಂಪ್ಯೂಟರಿನ ಗ್ರೌಂಡಿಗೇ ಸೇರಿರುವುದರಿಂದ, ಮನೆಯ ವಿದ್ಯುತ್ತಿಗೆ ನೇರವಾಗಿ ಸೇರಿದ ಯಾವ ಮಂಡಲಕ್ಕೂ ಇದನ್ನು ಮುಟ್ಟಿಸಕೂಡದು. ಪ್ರಾಣಕ್ಕೇ ಅಪಾಯ.

ಒಂದು ಮಿತಿಯನ್ನೂ ಹೇಳಬೇಕು. ಸಂಕೇತದ ಅಂಚು ಸವೆದಿದೆಯೇ, ವೋಲ್ಟೇಜು ಕುಸಿದಿದೆಯೇ ಎಂಬುದು ಇದಕ್ಕೆ ಕಾಣದು. ಅದು ಆಸಿಲೋಸ್ಕೋಪಿನ ಕೆಲಸ.

ಇನ್ನು ಹುಡುಗನ ಕಥೆ. ಗೆಳೆಯರಿಂದ ಇಂಥದೊಂದು ಅನಲೈಸರನ್ನು ತಂದು ಎರಡು ತಂತಿಗಳಿಗೂ ಗ್ರೌಂಡಿಗೂ ಸಿಕ್ಕಿಸಿದೆವು. ಐದೇ ನಿಮಿಷದಲ್ಲಿ ಗುಟ್ಟು ರಟ್ಟಾಯಿತು. ಮೈಕ್ರೊಕಂಟ್ರೋಲರು ಹೆಕ್ಸ್ ಎಣಿಕೆಯ 77ನೆಯ ವಿಳಾಸವನ್ನು ಕೂಗುತ್ತಿತ್ತು. ಕರೆಸಿಕೊಂಡವರು ಒಂಬತ್ತನೆಯ ಮಿಡಿತದಲ್ಲಿ ತಂತಿಯನ್ನು ಕೆಳಗೆಳೆದು "ಓ" ಎನ್ನಬೇಕು, ಯಾರೂ ಎನ್ನಲಿಲ್ಲ. ಈ ಸೆನ್ಸರಿಗೆ 76, 77 ಎಂದು ಎರಡು ವಿಳಾಸಗಳುಂಟು. ಎಸ್‌ಡಿಓ ಎಂಬ ಕಾಲನ್ನು ಎಲ್ಲಿಗೆ ಸೇರಿಸಿದೆ ಎಂಬುದು ಅದನ್ನು ನಿರ್ಧರಿಸುತ್ತದೆ. ನಮ್ಮದರಲ್ಲಿ ಅದು ಗ್ರೌಂಡಿಗೆ ಸೇರಿತ್ತು, ಎಂದರೆ 76. ಪ್ರೋಗ್ರಾಮಿನಲ್ಲಿ ಒಂದು ಅಂಕಿ ತಿದ್ದಿದೊಡನೆ ಮೂರು ಸೆನ್ಸರುಗಳೂ ಒಂದೊಂದಾಗಿ ಬಾಯಿ ಬಿಟ್ಟವು.

ಕೆಟ್ಟದ್ದು ವಸ್ತುವಲ್ಲ, ವಿಳಾಸ. ಹುಡುಗನ ಕೈಯೂ ಕೆಟ್ಟದ್ದಾಗಿರಲಿಲ್ಲ. ಮನೆಯ ಮಕ್ಕಳು ಇಂಥ ಕೆಲಸಕ್ಕೆ ಕೈಹಾಕಿ ಸೋತು ಕುಳಿತರೆ, ಹೊಸ ಬಿಡಿಭಾಗಕ್ಕೆ ದುಡ್ಡು ಕೊಡುವ ಮೊದಲು ತಂತಿ ಏನು ಹೇಳುತ್ತಿದೆಯೆಂದು ಕೇಳಿಸಿಕೊಳ್ಳುವ ಈ ಉಪಕರಣವನ್ನು ಕೊಡಿಸಿ.